ಅಮ್ಮ ಕೆಲಸ ಮಾಡುವ ಜಾಗ

"ಅಳಿಸಲ್ಲ ಮಿಸ್," ಎಂದಳು ಬುಗುರಿ.

ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಹುಡುಗಿಗೆ ಮನೆಯವರು ಇಟ್ಟ ಹೆಸರು ಅದು. ಇವತ್ತು ಮಾತ್ರ ಮಿಸ್ ಮೇಜಿನ ಮುಂದೆ ಗೂಟ ಹೊಡೆದ ಹಾಗೆ ನಿಂತಿದ್ದಳು.

ಶನಿವಾರ ಐದು ಮಕ್ಕಳ ಅಪ್ಪ ಅಥವಾ ಅಮ್ಮ ಶಾಲೆಗೆ ಬಂದು ತಮ್ಮ ಕೆಲಸದ ಬಗ್ಗೆ ಹೇಳುವುದಿತ್ತು. ಅದಕ್ಕೊಂದು ಫಾರಂ. 'ಕೆಲಸ ಮಾಡುವ ಸ್ಥಳ' ಎಂಬಲ್ಲಿ ಬುಗುರಿ 'ಚಂದ್ರ' ಎಂದು ಬರೆದಿದ್ದಳು.

"ಬೆಳಿಗ್ಗೆ ನಿಮ್ಮಮ್ಮನೇ ನಿನ್ನನ್ನ ಗೇಟ್ ತನಕ ಬಿಟ್ಟು ಹೋದ್ರಲ್ಲ? ರಾಕೆಟ್ ಎಲ್ಲಿ ನಿಲ್ಸಿದ್ರು?" ಮಿಸ್ ಕೇಳಿದರು. ಕ್ಲಾಸಿಗೆ ಕ್ಲಾಸೇ ಹೋ ಎಂದು ನಕ್ಕಿತು.

"ವಿಆರ್ ಹೆಲ್ಮೆಟ್ ಹಾಕ್ಕೊಂಡ್ರೆ ಅಮ್ಮಂಗೆ ಚಂದ್ರನ ಮೇಲೇ ನಿಂತ ಹಾಗೆ ಕಾಣತ್ತೆ ಮಿಸ್. ಅಮ್ಮ ಕೈ ತಿರುಗಿಸಿದ್ರೆ ಅಲ್ಲಿರೋ ರೋಬೋನೂ ಕೈ ತಿರುಗಿಸತ್ತೆ."

"ಹಾಗಾದ್ರೆ ಕೆಲಸ ಇಲ್ಲೇ ತಾನೇ? ಸುಳ್ಳು ಬರೀಬಾರ್ದು. ನಾಳೆ ತಿದ್ಕೊಂಡು ಬಾ. ಇಲ್ಲಾಂದ್ರೆ ನಿಮ್ಮಮ್ಮನ ಹೆಸರು ತೆಗೀತೀನಿ."

ಸುಳ್ಳು! ಬುಗುರಿಗೆ ಮೈಯೆಲ್ಲ ಉರಿದುಹೋಯಿತು.

ಶಾಲೆ ಬಿಟ್ಟ ಮೇಲೆ ಅವಳು ದಿನಾ ಹೋಗುವುದು ಬಸ್ ಡಿಪೋ ಹಿಂದಿರುವ ಅಮ್ಮನ ಆಫೀಸಿಗೆ. ಡ್ಯೂಟಿ ಮುಗಿಯುವವರೆಗೆ ಗಾಜಿನ ಗೋಡೆಯ ಈಚೆ, ಬೆಂಚಿನ ಮೇಲೆ ಕಾಯಬೇಕು. ಅಮ್ಮ ನೀರು ಕುಡಿಯಲು ಹೊರಗೆ ಬಂದಳು. ಕಣ್ಣಿನ ಸುತ್ತ ಹೆಲ್ಮೆಟ್ ಒತ್ತಿದ ಕೆಂಪು ಗುರುತು.

ಎಲ್ಲ ಕೇಳಿದ ಅಮ್ಮ, "ಡಿಪೋ ಹಿಂದೆ ಅಂತ ಬರೆದ್ಬಿಡೇ. ಸುಮ್ನೆ ಯಾಕೆ ರಗಳೆ?" ಎಂದಳು.

"ನೀನೂನಾ?" ಬುಗುರಿಗೆ ಅಳುವೇ ಬಂತು.

ಅಮ್ಮ ಒಳಗೆ ಹೋಗಿ ಮತ್ತೆ ಹೆಲ್ಮೆಟ್, ಗ್ಲೌಸ್ ಹಾಕಿಕೊಂಡಳು. ಬಾಗಿಲು ಅರ್ಧ ತೆರೆದೇ ಇತ್ತು. ಗೋಡೆಯ ದೊಡ್ಡ ಪರದೆಯಲ್ಲಿ ಬೂದು ನೆಲ, ಸೋಲಾರ್ ಪ್ಯಾನೆಲ್, ಹಟ ಹಿಡಿದು ಕೂತ ಒಂದು ಬೋಲ್ಟ್, ಅದನ್ನು ಹಿಡಿದ ರೋಬೋ ಕೈ.

ಅಮ್ಮ ಖಾಲಿ ಗಾಳಿಯಲ್ಲಿ ಕೈಯನ್ನು ಚೂರೇ ಚೂರು ತಿರುಗಿಸಿ ನಿಲ್ಲಿಸಿದಳು. ಪರದೆಯಲ್ಲಿ ಏನೂ ಅಲುಗಲಿಲ್ಲ. ಸಿಗ್ನಲ್ ಅಲ್ಲಿಗೆ ಹೋಗಿ, ಚಿತ್ರ ವಾಪಸ್ ಬರಲು ಮೂರು ಸೆಕೆಂಡ್ ಬೇಕು. ಹೋದ ವಾರ ಹೊಸಬರೊಬ್ಬರು, ರೋಬೋ ಕೈ ಅಲುಗಲೇ ಇಲ್ಲವಲ್ಲ ಎಂದು ಇನ್ನೊಮ್ಮೆ ತಿರುಗಿಸಿದ್ದರು. ಎರಡು ತಿರುವೂ ಸೇರಿ ಬೋಲ್ಟ್ ತುಂಡಾಗಿತ್ತು.

"ಎಷ್ಟು ಹೊತ್ತು ಮೇಡಂ? ತಿರುಗಿಸ್ರಿ, ತಿರುಗಿಸ್ರಿ!" ಸೂಪರ್‌ವೈಸರ್ ಅಮ್ಮನ ಬೆನ್ನ ಹಿಂದೆಯೇ ನಿಂತು ಅವಸರ ಮಾಡಿದರು.

"ತಿರುಗಿಸಲ್ಲ," ಎಂದಳು ಅಮ್ಮ. "ನನ್ನ ಕೈ ಇನ್ನೂ ಅಲ್ಲಿಗೆ ಮುಟ್ಟಿಲ್ಲ."

ದನಿ ಏರಲಿಲ್ಲ. ಕೈಯೂ ಕದಲಲಿಲ್ಲ. ಸೂಪರ್‌ವೈಸರ್ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಪರದೆಯಲ್ಲಿ ಬೋಲ್ಟ್ ಮೆಲ್ಲಗೆ ತಿರುಗಿತು.

'ನನ್ನ ಕೈ ಅಲ್ಲಿಗೆ' ಅಂದಳಲ್ಲ, ಅಮ್ಮನೇ! ಅಂದರೆ ಅವಳ ಕೆಲಸ ಚಂದ್ರನ ಮೇಲೇ! ಬುಗುರಿಗೆ ಬೆಂಚಿನ ಮೇಲೆ ಹತ್ತಿ ಕುಣಿಯುವಷ್ಟು ಖುಷಿಯಾಯಿತು.

ಮರುದಿನ ಅವಳು ಮಿಸ್ ಮೇಜಿನ ಮೇಲೆ ಫಾರಂ ಇಟ್ಟಳು. 'ಚಂದ್ರ' ಹಾಗೇ ಇತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು: 'ಕುರ್ಚಿ ಮಾತ್ರ ಬಸ್ ಡಿಪೋ ಹಿಂದೆ.'

ಮಿಸ್ ಓದಿ ಹುಬ್ಬು ಗಂಟಿಕ್ಕಿದರು. ಹೊಡೆದು ಹಾಕಲು ಪೆನ್ನು ಎತ್ತಿದವರು, ತಡೆದು ಇನ್ನೊಮ್ಮೆ ಓದಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ನಿನ್ನೆಯಾಗಿದ್ದರೆ ಬುಗುರಿ ಕೂಗಾಡುತ್ತಿದ್ದಳು. ಇವತ್ತು ತಲೆ ಎತ್ತಿಕೊಂಡು ಸುಮ್ಮನೆ ನಿಂತಳು. ಹೇಳಬೇಕಾದ್ದನ್ನು ಹೇಳಿಯಾಗಿತ್ತು. ಅದು ಮಿಸ್‌ಗೆ ಮುಟ್ಟಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೇ.