ಎಕ್ಸ್‌ಪೋ ದೋಣಿಯಲ್ಲಿ ನೂರ ಎಂಬತ್ತು ದಿನ

"ಮೇಡಂ, ಹಗ್ಗ ಬಿಡಿ! ಪ್ಯಾಸೆಂಜರ್‌ಗಳು ಹಗ್ಗ ಮುಟ್ಟೋ ಹಾಗಿಲ್ಲ!"

ಕ್ಯಾಪ್ಟನ್ ರಸೆಲ್ ನನ್ನೊಡನೆ ಆಡಿದ ಮೊದಲ ಮಾತು ಇದು. ಅದು ಎಂಬತ್ತೆಂಟನೇ ಇಸವಿಯ ಏಪ್ರಿಲ್ ಮೂವತ್ತು, ನಮ್ಮ ಬ್ರಿಸ್ಬೇನಿನಲ್ಲಿ ಎಕ್ಸ್‌ಪೋ ಅನ್ನುವ ವಿಶ್ವಮೇಳ ಶುರುವಾದ ದಿನ. ದೋಣಿ ನಿಲ್ಲುವ ಬುಲಿಂಬಾ ದಕ್ಕೆಯ ಮೇಲೆ ಬೆಳಿಗ್ಗೆ ಎಂಟಕ್ಕೇ ಜನ ಟೋಪಿ ಹಾಕಿಕೊಂಡು, ಸ್ಯಾಂಡ್‌ವಿಚ್ ಡಬ್ಬಿ ಹಿಡಿದುಕೊಂಡು ಸಾಲು ನಿಂತಿದ್ದರು. ನಾನು ಹೊಸ ನೀಲಿ ಚಡ್ಡಿ, ಬಿಳಿ ಅಂಗಿಯಲ್ಲಿ ದೋಣಿಯ ಹಗ್ಗ ಸುತ್ತಿಕೊಳ್ಳುತ್ತಿದ್ದೆ.

"ನಾನು ಪ್ಯಾಸೆಂಜರ್ ಅಲ್ಲ, ನಿಮ್ಮ ಡೆಕ್‌ಹ್ಯಾಂಡ್. ಡೆಸ್ಲಿ ಅಂತ."

ಚುಕ್ಕಾಣಿ ಕೋಣೆಯ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ.

"ಆಫೀಸಿನವರು ಗಟ್ಟಿ ಆಳನ್ನ ಕಳಿಸ್ತೀವಿ ಅಂದಿದ್ರು."

"ಕಳಿಸಿದಾರಲ್ಲ!"

ಅವನು ನಕ್ಕ. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಒಂದು ಗೆರೆ ಬೀಳುತ್ತಿತ್ತು, ಬಲಗೆನ್ನೆಗೆ ಆ ಸುದ್ದಿ ಇನ್ನೂ ತಲುಪಿಲ್ಲವೇನೋ ಅನ್ನುವ ಹಾಗೆ. ಅವತ್ತು ಎಕ್ಸ್‌ಪೋ ದಕ್ಕೆಗೆ ತಲುಪಿದಾಗ ನಾನು ಒಂದೇ ಎಸೆತಕ್ಕೆ ಹಗ್ಗದ ಕುಣಿಕೆಯನ್ನು ಕಂಬಕ್ಕೆ ಹಾಕಿದೆ. ಹಾಕಿ ಕಿಟಕಿಯ ಕಡೆ ನೋಡಿದೆ. ಆ ಗೆರೆ ಮತ್ತೆ ಬಿದ್ದಿತ್ತು. ಅಲ್ಲಿಗೆ ನನ್ನ ಕಥೆ ಮುಗಿಯಿತು ಅಂದುಕೊಳ್ಳಿ, ಇಪ್ಪತ್ಮೂರು ವರ್ಷದ ಹುಡುಗಿಗೆ ಇನ್ನೇನು ಬೇಕು!

ಈಗ ಎಕ್ಸ್‌ಪೋ ಅಂದರೆ ಜನ ಮಾನೋರೈಲು ಅನ್ನುತ್ತಾರೆ, ಪಟಾಕಿ ಅನ್ನುತ್ತಾರೆ, ದೇಶದೇಶದ ಮಂಟಪಗಳಲ್ಲಿ ಮೇಳದ ಆಟದ ಪಾಸ್‌ಪೋರ್ಟಿಗೆ ಹಾಕಿಸಿಕೊಂಡ ಮುದ್ರೆಗಳನ್ನು ತೆಗೆದು ತೋರಿಸುತ್ತಾರೆ. ಅವರನ್ನು ಅಲ್ಲಿಗೆ ಹೊತ್ತು ತಂದ ದೋಣಿಗಳನ್ನು ಯಾರೂ ನೆನೆಯುವುದಿಲ್ಲ. ನಮ್ಮದು 'ಕೋರಲ್ ಮೇ'. ನಮ್ಮಜ್ಜನ ಕಾಲದ ಮರದ ದೋಣಿ, ಎಂಬತ್ತು ಜನ ಹಿಡಿಯುವಂಥದ್ದು. ಇಂಜಿನ್ ಶುರುವಾದರೆ ಬೆಂಚಿನ ಮೇಲೆ ಕೂತವರ ಹಲ್ಲು ಕಟಕಟ ಅನ್ನುತ್ತಿತ್ತು. ಆದರೂ ಹತ್ತಿದವರೆಲ್ಲ ನಗುತ್ತಲೇ ಹತ್ತುತ್ತಿದ್ದರು. ಮೇಳಕ್ಕೆ ಹೊರಟವರಲ್ಲವೇ?

ನಾನು ಮಾತ್ರ ಮೇಳಕ್ಕೆ ಹೊರಟವಳಲ್ಲ. ನನಗೆ ಕ್ಯಾಪ್ಟನ್ ಲೈಸೆನ್ಸ್ ಬೇಕಿತ್ತು. ಅಪ್ಪ ಇದೇ ನದಿಯಲ್ಲಿ ಮರಳಿನ ದೋಣಿ ನಡೆಸಿದವನು. ಚುಕ್ಕಾಣಿ ಹಿಡಿಯಲು ಬನ್ನಿ ಅಂತ ನನ್ನ ಅಣ್ಣಂದಿರಿಬ್ಬರನ್ನೂ ಗೋಗರೆದ, ಪಕ್ಕದಲ್ಲೇ ನಿಂತ ನನ್ನನ್ನು ಒಂದು ಸಲವೂ ಕರೆಯಲಿಲ್ಲ. ಆ ಸಿಟ್ಟು ನನಗಿತ್ತು. ಲೈಸೆನ್ಸ್ ಪರೀಕ್ಷೆಗೆ ಕೂರಬೇಕಾದರೆ ಡೆಕ್ ಮೇಲೆ ನೂರ ಎಂಬತ್ತು ದಿನ ದುಡಿದಿರಬೇಕು. ಎಕ್ಸ್‌ಪೋ ನಡೆಯುವುದು ನೂರ ಎಂಬತ್ತನಾಲ್ಕು ದಿನ. ಒಂದು ದಿನವೂ ತಪ್ಪಿಸುವುದಿಲ್ಲ ಅಂತ ಹಟ ತೊಟ್ಟೆ.

ದುಡಿದದ್ದಕ್ಕೆ ಸಾಕ್ಷಿ ಲಾಗ್ ಬುಕ್ ಒಂದೇ. ದಿನದ ಕೊನೆಗೆ ಕ್ಯಾಪ್ಟನ್ ಅದರಲ್ಲಿ ಎಷ್ಟು ಸುತ್ತು ಹೋದೆವು, ಗಾಳಿ ಹೇಗಿತ್ತು, ಡೆಕ್‌ಹ್ಯಾಂಡ್ ಯಾರು ಅಂತ ಬರೆದು ಸಹಿ ಹಾಕುತ್ತಾನೆ. ಅದನ್ನು ಬರೆಯುವವನು ಅವನೇ, ತೆರೆಯುವವನೂ ಅವನೇ. ಕ್ಯಾಪ್ಟನ್ನಿನ ಲಾಗ್ ಬುಕ್ಕನ್ನು ಡೆಕ್‌ಹ್ಯಾಂಡ್ ತೆರೆದು ನೋಡುವುದಿಲ್ಲ, ತೋರಿಸಿ ಅಂತ ಕೇಳುವುದೂ ಇಲ್ಲ. ಕೇಳಿದರೆ ಅವನ ಮುಖಕ್ಕೇ ಸುಳ್ಳುಗಾರ ಅಂದ ಹಾಗೆ. ನಮ್ಮ ನದಿಯ ಮರ್ಯಾದೆ ಅದು, ನನಗೆ ತೊಟ್ಟಿಲಲ್ಲೇ ಕಲಿಸಿದ್ದು.

ರಸೆಲ್ ಬರೆಯುವಾಗ ಎಡಗೈಯನ್ನು ಹಾಳೆಗೆ ಅಡ್ಡ ಹಿಡಿಯುತ್ತಿದ್ದ.

"ಅಷ್ಟೊಂದು ಏನು ಬರೀತಿದೀಯ?"

"ನಿನ್ನ ಬಗ್ಗೇನೇ."

"ಏನಂತ?"

"ಇವತ್ತು ಕೂದಲು ಎತ್ತಿ ಕಟ್ಟಿದ್ಲು, ಕುತ್ತಿಗೆ ಕಾಣಿಸ್ತಿತ್ತು, ದೋಣಿ ಎರಡು ಸಲ ದಾರಿ ತಪ್ತು ಅಂತ."

"ಅಯ್ಯೋ, ಅದನ್ನ ಸರ್ಕಾರದವರು ಓದ್ತಾರೆ ಕಣೋ!"

"ಓದ್ಲಿ ಬಿಡು, ಪಾಪ. ಅವರಿಗೂ ಬೇಜಾರಾಗಿರುತ್ತೆ."

ಹೇಳಿ ಕಣ್ಣು ಮೇಲೆತ್ತುತ್ತಿದ್ದ. ನದಿಯ ನೀರಿನದೇ ಕಂದು ಬಣ್ಣದ ಕಣ್ಣು. ನನ್ನ ಕುತ್ತಿಗೆಯ ಹತ್ತಿರ ಒಂದು ಗಳಿಗೆ ನಿಂತು, ಮತ್ತೆ ಹಾಳೆಗೆ ಇಳಿಯುತ್ತಿತ್ತು. ನಾನು ನಾಚಿಕೊಂಡು, ಒರೆಸಿದ ಬೆಂಚನ್ನೇ ಮತ್ತೆ ಒರೆಸುತ್ತಿದ್ದೆ.

ಖಾಲಿ ದೋಣಿ ವಾಪಸು ತರುವಾಗ ಚುಕ್ಕಾಣಿ ನನ್ನ ಕೈಗೆ ಕೊಡುತ್ತಿದ್ದ. ಹಿಂದೆ ನಿಲ್ಲುತ್ತಿದ್ದ, ಮುಟ್ಟುತ್ತಿರಲಿಲ್ಲ. ಮುಟ್ಟದೇ ಇರುವುದು ಅಷ್ಟು ಜೋರಾಗಿ ತಿಳಿಯುತ್ತದೆ ಅಂತ ನನಗೆ ಆಗಲೇ ಗೊತ್ತಾದದ್ದು.

"ಎಡಕ್ಕೆ. ಇನ್ನೂ ಸ್ವಲ್ಪ. ಡೆಸ್, ಸೇತುವೆ ಕಂಬ ನಿನ್ನ ಹತ್ರ ಬರ್ತಿಲ್ಲ, ನೀನೇ ಅದರ ಹತ್ರ ಹೋಗ್ತಿದೀಯ."

"ನೀನು ಕಿವಿ ಹತ್ರ ಉಸಿರು ಬಿಟ್ರೆ ಎಲ್ಲರೂ ಕಂಬಕ್ಕೇ ಹೋಗ್ತಾರೆ."

"ಹಾಗಾದ್ರೆ ಉಸಿರು ಕಟ್ಕೊಂಡು ನಿಲ್ಲಲಾ?"

"ಬೇಡ, ಬಿಡ್ತಾ ಇರು."

ಆಗಸ್ಟಿನಲ್ಲಿ ಒಂದು ದಿನ ಜೋರು ಗಾಳಿ. ಎಕ್ಸ್‌ಪೋ ದಕ್ಕೆಯಲ್ಲಿ ದೋಣಿ ಹಿಂದಕ್ಕೆ ಜಗ್ಗಿದಾಗ ನನ್ನ ಎರಡು ಬೆರಳು ಹಗ್ಗಕ್ಕೂ ಕಂಬಕ್ಕೂ ನಡುವೆ ಸಿಕ್ಕಿ ಜಜ್ಜಿಹೋದವು. ರಸೆಲ್ ಚುಕ್ಕಾಣಿ ಬಿಟ್ಟು ಓಡಿ ಬಂದ. ಮಂಜುಗಡ್ಡೆ ಇಟ್ಟು, ಬಟ್ಟೆ ಸುತ್ತಿ, ಸುತ್ತಿದ ಬಟ್ಟೆಯ ಮೇಲೆ ತುಟಿ ಒತ್ತಿದ. ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ಮನೆಗೆ ಹೋಗು ಅಂದರೂ ನಾನು ಹೋಗಲಿಲ್ಲ, ನನ್ನ ಒಂದು ದಿನ ಹಾಳಾಗುತ್ತದಲ್ಲ! ಒಂದೇ ಕೈಯಲ್ಲಿ ಹಗ್ಗ ಎಸೆದೆ.

ಇಷ್ಟಾದರೂ ಆ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಬುಲಿಂಬಾ ದಕ್ಕೆಯಲ್ಲಿ ಟಿಕೆಟ್ ಕೊಡುವ ನೋಯ್ಲಿನ್ ನನಗಿಂತ ಅವಸರದಲ್ಲಿದ್ದಳು. ಐವತ್ತು ದಾಟಿದ ಹೆಂಗಸು, ಎರಡು ಮದುವೆ ಮುಗಿಸಿದವಳು.

"ಏನಮ್ಮಾ, ಹೇಳಿದ್ನಾ?"

"ಇಲ್ಲ."

"ಅವನ ಮನೆ ಹಾಳಾಗ! ಆ ಇಂಜಿನ್ನೇ ವಾಸಿ, ಹತ್ತು ನಿಮಿಷ ಒದ್ದಾಡಿಸಿದ್ರೂ ಆಮೇಲೆ ಬಾಯಿ ಬಿಡುತ್ತೆ."

ಅಕ್ಟೋಬರ್ ಮೂವತ್ತು, ಭಾನುವಾರ, ಎಕ್ಸ್‌ಪೋ ಕೊನೆಯ ದಿನ. ನ್ಯೂ ಫಾರ್ಮ್ ಪಾರ್ಕಿನಲ್ಲಿ ಜಕರಂದ ಬಿರಿದು ದಡವೆಲ್ಲ ನೇರಳೆ. ಊರಿಗೆ ಊರೇ ಕಣ್ಣೊರೆಸಿಕೊಳ್ಳುತ್ತ ಮೇಳಕ್ಕೆ ಹೊರಟಿತ್ತು. ನನಗೆ ಮಾತ್ರ ಒಳಗೊಳಗೇ ಖುಷಿ. ನೂರ ಎಂಬತ್ತು ಗುರುವಾರವಾ ಬುಧವಾರವಾ ದಾಟಿಯಾಗಿತ್ತು. ಈ ದೋಣಿ ಮಾರಾಟಕ್ಕಿದೆ ಅನ್ನುವುದು ಗೊತ್ತಿದ್ದರೂ, ಮುಂದೆ ಯಾವುದೋ ಒಂದು ದೋಣಿಗೆ ನಾನೇ ಕ್ಯಾಪ್ಟನ್ ಅಂದುಕೊಂಡು ಶಿಳ್ಳೆ ಹಾಕುತ್ತಿದ್ದೆ.

ಮಧ್ಯಾಹ್ನ ಮೂರರ ಸುಮಾರಿಗೆ ರಸೆಲ್‌ನ ತಮ್ಮ ಟ್ರೆವರ್ ಬುಲಿಂಬಾದಲ್ಲಿ ದೋಣಿ ಹತ್ತಿದ. ಇಪ್ಪತ್ತೆರಡರ ಹುಡುಗ, ಆರು ತಿಂಗಳಿಂದ ಎಕ್ಸ್‌ಪೋ ಒಳಗೆ ಬಿಯರ್ ಹಾಲ್‌ನಲ್ಲಿ ಲೋಟ ತುಂಬಿಸುತ್ತಿದ್ದವನು. ರಸೆಲ್ ಕೆಳಗೆ ಇಂಜಿನ್ ಎಣ್ಣೆ ನೋಡುತ್ತಿದ್ದ. ಟ್ರೆವರ್ ನೇರ ನನ್ನ ಹತ್ತಿರ ಬಂದು ಭುಜ ತಟ್ಟಿದ.

"ಥ್ಯಾಂಕ್ಸ್ ಡೆಸ್. ನಿಜವಾಗ್ಲೂ. ನಂಗೋಸ್ಕರ ಯಾರೂ ಇಷ್ಟು ಮಾಡಿರ್ಲಿಲ್ಲ."

"ಏನು ಮಾಡಿದೆ ನಾನು?"

"ಅದೇ, ಲಾಗ್ ಬುಕ್ಕಲ್ಲಿ ನನ್ನ ಹೆಸರು. ನೀನು ಒಪ್ಕೊಂಡಿದೀಯ ಅಂತ ರಸ್ ಹೇಳ್ದ. ಮುಂದಿನ ತಿಂಗಳು ಪರೀಕ್ಷೆಗೆ ಕೂರ್ತೀನಿ. ಒಂದು ಬಿಯರ್ ಅಲ್ಲ, ಹತ್ತು ಬಿಯರ್ ನಿಂಗೆ."

ನಾನು ನಕ್ಕೆ ಅಂತ ಕಾಣುತ್ತದೆ. ಅವನು ಕೈಬೀಸಿ ಮುಂದಿನ ಬೆಂಚಿಗೆ ಹೋದ. ನಾನು ಚುಕ್ಕಾಣಿ ಕೋಣೆಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ ಒಬ್ಬ ಕ್ಯಾಪ್ಟನ್ನಿನ ಲಾಗ್ ಬುಕ್ ತೆರೆದೆ.

ಡೆಕ್‌ಹ್ಯಾಂಡ್: ಟ್ರೆವರ್. ಡೆಕ್‌ಹ್ಯಾಂಡ್: ಟ್ರೆವರ್. ಮೇ ತಿಂಗಳು, ಜೂನ್, ಜುಲೈ. ನನ್ನ ಹೆಸರು ಎಲ್ಲೂ ಇಲ್ಲ. ಆಗಸ್ಟಿಗೆ ಬಂದೆ. ಆ ದಿನದ ಹಾಳೆಯಲ್ಲಿ ಅವನ ದುಂಡನೆಯ ಅಕ್ಷರದಲ್ಲಿ ಹೀಗೆ ಬರೆದಿತ್ತು: ಜೋರು ಗಾಳಿ. ಡೆಕ್‌ಹ್ಯಾಂಡ್ ಟ್ರೆವರ್‌ನ ಎರಡು ಬೆರಳಿಗೆ ಪೆಟ್ಟು. ಆದರೂ ಕೆಲಸ ಮುಗಿಸಿದ.

ನನ್ನ ಬೆರಳು! ಅವನು ಮುತ್ತಿಟ್ಟ ಬೆರಳು! ಅದನ್ನೂ ತಮ್ಮನಿಗೆ ಕೊಟ್ಟುಬಿಟ್ಟಿದ್ದ. ನನ್ನ ಬೆರಳಿಗೆ ಬಟ್ಟೆ ಸುತ್ತಿದ ಕೈಯಲ್ಲೇ ಅವತ್ತು ಸಂಜೆ ಕೂತು ಅದನ್ನು ಬರೆದಿದ್ದ, ನಾನು ಎದುರಿಗೆ ನಿಂತು ನಾಚಿಕೊಳ್ಳುತ್ತಿದ್ದಾಗ.

ದೋಣಿ ಹೊರಟಿತು. ಹಗ್ಗ ನಾನೇ ಬಿಚ್ಚಿದೆ, ಅಭ್ಯಾಸ ಕೈಗಿತ್ತು. ಕಾಂಗರೂ ಪಾಯಿಂಟ್ ತಿರುವಿನಲ್ಲಿ ಅವನ ಪಕ್ಕಕ್ಕೆ ಹೋಗಿ ನಿಂತೆ.

"ಟ್ರೆವರ್ ಈ ದೋಣೀಲಿ ಯಾವತ್ತು ಕೆಲಸ ಮಾಡ್ದ?"

ಅವನ ಕೈ ಚುಕ್ಕಾಣಿಯ ಮೇಲೆ ಬಿಗಿಯಾಯಿತು. "ಡೆಸ್, ಈಗ ಬೇಡ. ಎಂಬತ್ತು ಜನ ಇದಾರೆ."

"ಈಗಲೇ ಹೇಳು."

"ಅವನಿಗೆ ಬೇರೆ ಏನೂ ಇಲ್ಲ ಕಣೇ. ಮೂರು ಕೆಲಸ ಕಳ್ಕೊಂಡ. ಅಮ್ಮ ದಿನಾ ಅಳ್ತಿದ್ಲು. ಒಂದು ಲೈಸೆನ್ಸ್ ಸಿಕ್ರೆ ದಾರಿಗೆ ಬರ್ತಾನೆ ಅಂತ..."

"ನನಗೆ ಏನಿತ್ತು, ರಸ್?"

"ನಿನಗೆ ನಾನಿದ್ದೆ."

ಎಷ್ಟು ಸಲೀಸಾಗಿ ಹೇಳಿದ ಗೊತ್ತಾ? ಸಮಜಾಯಿಷಿ ಅನ್ನುವ ಹಾಗೂ ಇರಲಿಲ್ಲ, ನಿಜವಾಗಿಯೂ ಹಾಗೇ ನಂಬಿದ್ದ.

"ಆಫೀಸಿಗೆ ಹೋಗಿ ಬರೆದುಕೊಡು. ದುಡಿದವಳು ಡೆಸ್ಲಿ ಅಂತ."

"ಬರೆದ್ರೆ ನನ್ನ ಲೈಸೆನ್ಸ್ ಕಿತ್ಕೋತಾರೆ."

"ಹೌದು."

"ಡೆಸ್, ನನ್ನ ನೋಡು. ಮದುವೆ ಆಗೋಣ. ಚುಕ್ಕಾಣಿ ನಾನು ಹಿಡೀತೀನಿ, ನಿಂಗ್ಯಾಕೆ ಈ ತಲೆನೋವು? ನಾನೊಬ್ಬ ಸಾಲದಾ?"

ಇದನ್ನೇ ಮೇ ತಿಂಗಳಲ್ಲಿ ಕೇಳಿದ್ದರೆ ಬಟ್ಟೆ ಸಮೇತ ನದಿಗೆ ಹಾರಿ ಕುಣಿಯುತ್ತಿದ್ದೆ. ಈಗಲೂ, ಸುಳ್ಳು ಯಾಕೆ ಹೇಳಲಿ, ಆ ಕೆನ್ನೆಯ ಗೆರೆ ನೋಡಿದರೆ ಎದೆ ಹಿಂಡಿತು. ಆ ಗೆರೆಯನ್ನು ನಾನು ಅಷ್ಟು ಪ್ರೀತಿಸಿದ್ದೆ. ಹಗ್ಗ ಎತ್ತಿಕೊಂಡು ಡೆಕ್ಕಿಗೆ ಬಂದೆ.

ಎಕ್ಸ್‌ಪೋ ದಕ್ಕೆ ಬಂತು. ಹಗ್ಗ ಎಸೆದೆ, ಹಲಗೆ ಹಾಕಿದೆ, ಎಂಬತ್ತು ಜನರನ್ನು ಇಳಿಸಿದೆ. ಟ್ರೆವರ್ ಶಿಳ್ಳೆ ಹೊಡೆಯುತ್ತ ಗೇಟಿನೊಳಗೆ ಹೋದ. ಮನೆಗೆ ಹೊರಟ ಇನ್ನೊಂದು ಎಂಬತ್ತು ಜನರನ್ನು ಎಣಿಸಿ ಹತ್ತಿಸಿದೆ. ಆಮೇಲೆ ಹಲಗೆಯ ಮೇಲೆ ನಡೆದು ದಕ್ಕೆಗೆ ಇಳಿದು, ಕಂಬದ ಪಕ್ಕ ಕೈಕಟ್ಟಿ ನಿಂತೆ.

ಇಂಜಿನ್ ಗುಡುಗಿತು. ರಸೆಲ್ ಕಿಟಕಿಯಿಂದ ತಲೆ ಹಾಕಿದ.

"ಡೆಸ್! ಹಗ್ಗ!"

"ನಿನ್ನ ಡೆಕ್‌ಹ್ಯಾಂಡ್‌ನ ಕರಿ."

ಬೆಂಚಿನ ತುದಿಯಲ್ಲಿದ್ದ ಒಬ್ಬ ಅಜ್ಜ, ಕೋಟಿನ ತುಂಬ ಎಕ್ಸ್‌ಪೋ ಬಿಲ್ಲೆ ಚುಚ್ಚಿಕೊಂಡವನು, ಎದ್ದು ನಿಂತ. "ನಾನು ಬಿಚ್ಲಾ ಮಗಳೇ? ನೌಕಾದಳದಲ್ಲಿದ್ದೆ."

"ಬೇಡ ಅಜ್ಜ. ಲಾಗ್ ಬುಕ್ಕಲ್ಲಿ ಹೆಸರಿರೋರೇ ಬಿಚ್ಬೇಕು. ರೂಲ್ಸು."

"ಯಾರದಿದೆ ಹೆಸರು?"

"ಟ್ರೆವರ್ ಅಂತ. ಒಳಗೆ ಬಿಯರ್ ಹಾಲ್‌ನಲ್ಲಿ ಸಿಗ್ತಾನೆ."

ಜನ ಕಿಸಕ್ಕನೆ ನಕ್ಕರು. ರಸೆಲ್‌ನ ಮುಖ ಕೆಂಪಗಾಯಿತು. ಹಿಂದೆ ಇನ್ನೆರಡು ದೋಣಿಗಳು ಜಾಗಕ್ಕೆ ಕಾಯುತ್ತ ಹಾರ್ನ್ ಹೊಡೆಯುತ್ತಿದ್ದವು.

"ಡೆಸ್, ದಮ್ಮಯ್ಯ ಅಂತೀನಿ. ಹತ್ತು."

"ಮೈಕ್ ತಗೋ. ಈ ದೋಣಿಯ ಡೆಕ್‌ಹ್ಯಾಂಡ್ ಯಾರು ಅಂತ ಇವರೆಲ್ಲರ ಮುಂದೆ ಒಂದೇ ಒಂದು ಸಲ ಹೇಳು. ಹೇಳಿದ್ರೆ ಹಗ್ಗ ಬಿಚ್ಚಿ ಹತ್ತಿ ಬರ್ತೀನಿ."

ಅವನು ಮೈಕ್ ಕೈಗೆತ್ತಿಕೊಂಡ. ಎಂಬತ್ತು ಜನ ಅವನ ಕಡೆ ತಿರುಗಿದರು. ಧ್ವನಿವರ್ಧಕದಲ್ಲಿ ಅವನ ಉಸಿರು ಕೇಳುತ್ತಿತ್ತು, ನನ್ನ ಕಿವಿಗೆ ಪರಿಚಯದ ಉಸಿರು. ಹೇಳು, ಹೇಳಿಬಿಡು ಅಂತ ಮನಸ್ಸು ಬೇಡುತ್ತಿತ್ತು. ಹೇಳಿದ್ದರೆ ಅವನನ್ನು ಕ್ಷಮಿಸುತ್ತಿದ್ದೆ. ಅಷ್ಟಕ್ಕೇ ಕ್ಷಮಿಸುತ್ತಿದ್ದೆ.

"ಡೆಸ್," ಅಂದ. "ಐ ಲವ್ ಯೂ, ಡೆಸ್."

ದೋಣಿಗೆ ದೋಣಿಯೇ ಚಪ್ಪಾಳೆ ತಟ್ಟಿತು. ಯಾರೋ ಶಿಳ್ಳೆ ಹಾಕಿದರು. "ಹೋಗಮ್ಮಾ, ಪಾಪ, ಹೋಗು!" ಅಂತ ಒಬ್ಬಾಕೆ ಕೂಗಿದಳು, ಅವಳ ಕಣ್ಣಲ್ಲಿ ನೀರು. ಆರು ತಿಂಗಳು ನಾನು ಕಾದದ್ದು ಆ ಮಾತಿಗೇ. ಅದು ಬಂದದ್ದು ನಾನು ಕೇಳಿದ ಇನ್ನೊಂದು ಮಾತನ್ನು ನುಂಗಿಕೊಳ್ಳುವುದಕ್ಕೆ.

ನಾನು ಹೊರಟೆ. ತಿರುಗಿ ನೋಡಲಿಲ್ಲ ಅಂದರೆ ಸುಳ್ಳಾಗುತ್ತದೆ, ಗೇಟಿನ ಹತ್ತಿರ ನೋಡಿದೆ. ಮೈಕ್ ಹಿಡಿದುಕೊಂಡೇ ಅಳುತ್ತಿದ್ದ. ನನಗೂ ಅಳು ಬಂತು. ದೋಣಿ ಮಾತ್ರ ಕಟ್ಟಿದ ಹಾಗೇ ಇತ್ತು.

ಮರುದಿನ ಸೋಮವಾರ ದಡದಿಂದ ದಡಕ್ಕೆ ದಾಟಿಸುವ ಪುಟ್ಟ ದೋಣಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ನೂರ ಎಂಬತ್ತರಲ್ಲಿ ಒಂದನೆಯ ದಿನ. ಕ್ಯಾಪ್ಟನ್ ನರೆತ ಗಡ್ಡದ ಸಾಧು ಮನುಷ್ಯ, ದಿನವಿಡೀ ನನಗೆ ಚಹಾ ಕೊಟ್ಟ. ಸಂಜೆ ಅವನು ಬರೆದು ಮುಗಿಸಿ ಲಾಗ್ ಬುಕ್ ಮುಚ್ಚುವಷ್ಟರಲ್ಲಿ ನಾನು ಬಾಗಿಲಿಗೆ ಹೋಗಿ ನಿಂತೆ.

"ತೋರಿಸಿ."

ಅವನ ಮುಖ ಸಪ್ಪಗಾಯಿತು. ಮೂವತ್ತು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ.

"ನನ್ನ ಮೇಲೆ ನಂಬಿಕೆ ಇಲ್ವೇನಮ್ಮಾ?"

"ಇಲ್ಲ," ಅಂದೆ. ಅಂದು ಪುಸ್ತಕಕ್ಕೆ ಕೈ ಚಾಚಿದೆ.