ನಂಬರಿಲ್ಲದ ಕೆಂಪು ಟ್ರ್ಯಾಕ್ಟರ್

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದದ್ದು ಒಂದೇ ದೂರು, ಹೇಳುವವರು ಮಾತ್ರ ಇಬ್ಬರು. ಒಬ್ಬ ಟ್ರ್ಯಾಕ್ಟರ್ ಷೋರೂಮಿನ ಮ್ಯಾನೇಜರು. ಇನ್ನೊಬ್ಬರು ಅದೇ ಷೋರೂಮಿನಲ್ಲಿ ಟ್ರ್ಯಾಕ್ಟರ್ ಕೊಂಡು, ಅದು ಮನೆಗೆ ಬಾರದೆ ಕಾದು ಬೇಸತ್ತ ವಯಸ್ಸಾದ ರೈತ. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು. ಇನ್‌ಸ್ಪೆಕ್ಟರು ಇನ್ನೂ ಟೋಪಿ ತೆಗೆದಿರಲಿಲ್ಲ.

“ಒಬ್ಬೊಬ್ಬರಾಗಿ,” ಎಂದರು.

ಮ್ಯಾನೇಜರು ಗಂಟಲು ಸರಿಮಾಡಿಕೊಂಡ. “ಶುಕ್ರವಾರ ಬೆಳಿಗ್ಗೆ ಕಂಪನಿ ಡಿಪೋದಿಂದ ಒಂದು ಹೊಸ ಟ್ರ್ಯಾಕ್ಟರ್ ಹೊರಟಿದೆ ಸಾರ್. ಶನಿವಾರ ಸಂಜೆಗೆ ನಮ್ಮಲ್ಲಿಗೆ ಬರಬೇಕಿತ್ತು. ಇವತ್ತಿಗೂ ಇಲ್ಲ. ಡ್ರೈವರ್ ಫೋನ್ ಆಫ್.”

“ಯಾವ ಲಾರಿ?”

“ಲಾರಿ ಅಲ್ಲ ಸಾರ್. ರಸ್ತೆ ಮೇಲೆ ಓಡಿಸ್ಕೊಂಡೇ ತರೋದು. ಅದಕ್ಕೇ ಅಂತ ಡ್ರೈವರ್‌ಗಳಿದ್ದಾರೆ. ಗಾಡಿ ತಲುಪಿಸಿ, ಬಸ್ ಹಿಡಿದು ವಾಪಸ್ ಹೋಗ್ತಾರೆ.”

“ಅಷ್ಟು ದೂರ?”

“ಅದೇ ಅವರ ಕೆಲಸ ಸಾರ್.”

“ಟ್ರ್ಯಾಕ್ಟರ್ ನಂಬರು?”

“ಇನ್ನೂ ರಿಜಿಸ್ಟರ್ ಆಗಿಲ್ಲ.”

“ಬಣ್ಣ?”

“ಕೆಂಪು.”

“ಬೇರೆ ಗುರುತು?”

ಮ್ಯಾನೇಜರು ಯೋಚಿಸಿದ. “ಸೀಟಿನ ಪ್ಲಾಸ್ಟಿಕ್ ಕವರ್ ತೆಗೆದಿರಲ್ಲ ಸಾರ್. ಹಿಂದೆ ಟ್ರೈಲರ್ ಇಲ್ಲ.”

ಇನ್‌ಸ್ಪೆಕ್ಟರು ದಫೇದಾರನ ಮುಖ ನೋಡಿದರು. ದಫೇದಾರ ಗೋಡೆ ನೋಡಿದ. ಮಳೆ ಬಿದ್ದು ಹೊಲಗಳೆಲ್ಲ ಎದ್ದು ಕೂತಿದ್ದ ಹೊತ್ತು. ರಸ್ತೆಗೆ ಇಳಿದರೆ ಮೂರಕ್ಕೊಂದು ಟ್ರ್ಯಾಕ್ಟರು, ಅದರಲ್ಲಿ ಅರ್ಧ ಕೆಂಪು. ಕಾಗೆ ಹಿಂಡಿನಲ್ಲಿ ಕಪ್ಪು ಕಾಗೆ ಹುಡುಕಿ ಎಂದ ಹಾಗಾಯಿತು.

“ನನ್ನ ಮಾತು ಯಾರೂ ಕೇಳ್ತಿಲ್ಲ,” ಎಂದರು ರೈತ. “ಹಳೇ ಟ್ರ್ಯಾಕ್ಟರ್ ಮಾರಿಬಿಟ್ಟಿದ್ದೀನಿ. ನೆಲ ಹದಕ್ಕೆ ಬಂದಿದೆ. ಇನ್ನು ನಾಲ್ಕು ದಿನ ಬಿಸಿಲು ಹೊಡೆದ್ರೆ ಕಲ್ಲಾಗತ್ತೆ. ನೀವು ಬರೆಯೋದು ಮುಗಿಯೋವರೆಗೂ ನನ್ನ ನೆಲ ಕಾಯತ್ತಾ?”

ಮ್ಯಾನೇಜರು ಕಳ್ಳತನ ಎಂದೇ ಬರೆಯಬೇಕೆಂದು ಹಟ ಹಿಡಿದ. ಗಾಡಿಯನ್ನು ನಂಬಿ ಕೈಗೆ ಕೊಟ್ಟ ಮೇಲೆ ಅದು ಕಳ್ಳತನವಲ್ಲ, ನಂಬಿಕೆ ದ್ರೋಹ ಎಂದು ಇನ್‌ಸ್ಪೆಕ್ಟರು ಎರಡು ಸಲ ಹೇಳಿದರು, ಮೂರನೆಯ ಸಲ ಗದರಿದರು. ಮಧ್ಯಾಹ್ನದ ಹೊತ್ತಿಗೆ FIR ಆಯಿತು.

ಡಿಪೋದ ಸೂಪರ್‌ವೈಸರನಿಗೆ ಫೋನು ಹಚ್ಚಿದರೆ ಅವನು ನಗತೊಡಗಿದ.

“ಅವನಾ? ಅವನಿಗೆ ನಾವು ಆಮೆ ಅಂತೀವಿ ಸಾರ್. ಇಪ್ಪತ್ತು ವರ್ಷದ ಮೇಲಾಯ್ತು, ಒಂದು ಗಾಡಿಗೂ ಗೀರು ಬಿದ್ದಿಲ್ಲ.”

“ಈಗ ಗಾಡಿಯೇ ಇಲ್ಲ. ಒಬ್ಬನ್ನೇ ಯಾಕೆ ಕಳಿಸಿದ್ರಿ?”

“ಯಾವಾಗ್ಲೂ ನಾಲ್ಕೈದು ಒಟ್ಟಿಗೆ ಹೋಗ್ತವೆ, ಮುಂದೆ ಒಬ್ಬ ಮೇಸ್ತ್ರಿ ಇರ್ತಾನೆ. ಈ ಸಲ ಒಂದೇ ಇತ್ತು. ನಂಬಿಕಸ್ತ ಅಂತ ಕಳಿಸಿದೆ.” ಈಗ ಅವನ ನಗು ನಿಂತಿತ್ತು.

ಆಮೆಯ ಹೆಂಡತಿಯೂ ಫೋನಿನಲ್ಲಿ ಸಿಕ್ಕಳು. ದಾರಿಯಲ್ಲಿದ್ದಾಗ ಅವರು ಮಾತಾಡುವುದೇ ಕಮ್ಮಿ, ಎಲ್ಲಿದ್ದಾರೋ ತನಗೆ ತಿಳಿಯದು ಎಂದು ಹೇಳಿ ಇಟ್ಟುಬಿಟ್ಟಳು.

ಹೆದ್ದಾರಿಯ ಟೋಲ್ ಗೇಟಿಗೆ ಇನ್‌ಸ್ಪೆಕ್ಟರು ತಾವೇ ಹೋದರು. ಅಲ್ಲಿನ ಹುಡುಗ ಬಹಳ ವಿನಯದಿಂದ ಹೇಳಿದ: “ಟ್ರ್ಯಾಕ್ಟರಿಗೆ ಟೋಲ್ ಇಲ್ಲ ಸಾರ್. ಪಕ್ಕದ ದಾರೀಲಿ ಹೋಗ್ತವೆ.”

“ಪಕ್ಕದ ದಾರೀಲಿ ಕ್ಯಾಮೆರಾ?”

“ಇದೆ ಸಾರ್. ಅದು ಈ ಕಡೆ ತಿರುಗಿದೆ.”

“ಈ ಕಡೆ ಯಾಕೆ?”

“ದುಡ್ಡು ಕೊಡೋ ಗಾಡಿ ಈ ಕಡೆ ಬರ್ತವಲ್ಲ ಸಾರ್.”

ದಾರಿಯುದ್ದದ ಠಾಣೆಗಳಿಗೆ ಫೋನು ಮಾಡಿದರೆ ಪ್ರತಿಯೊಬ್ಬರದೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಒಬ್ಬರು ನೋಡಿದ್ದೇವೆ ಎಂದರು, ಯಾವುದೆಂದು ಹೇಳಲಾರೆವು ಎಂದರು. ಇನ್ನೊಬ್ಬರಿಗೆ ಅದು ತಮ್ಮ ವ್ಯಾಪ್ತಿಯೇ ಅಲ್ಲ, ರಸ್ತೆಯ ಎಡಬದಿ ಮಾತ್ರ ತಮ್ಮದು. ಸಂಜೆ ಮೇಲಧಿಕಾರಿಯ ಫೋನು ಬಂತು.

“ಕಳುವಾಗಿರೋದು ಏನ್ರೀ, ವಿಮಾನಾನಾ?”

“ಟ್ರ್ಯಾಕ್ಟರ್ ಸಾರ್.”

“ಅದು ಓಡೋದು ಇಪ್ಪತ್ತೈದು ಕಿಲೋಮೀಟರ್ ಸ್ಪೀಡಲ್ಲಿ ಕಣ್ರೀ. ಸೈಕಲ್ ಕೊಟ್ರೆ ಹಿಡೀತೀರಾ?”

ಇನ್‌ಸ್ಪೆಕ್ಟರು “ಆಗಲಿ ಸಾರ್” ಎಂದು ಫೋನಿಟ್ಟರು. ಯಾವುದಕ್ಕೆ ಆಗಲಿ ಎಂದದ್ದೋ ಅವರಿಗೇ ತಿಳಿಯಲಿಲ್ಲ.

ಮಂಗಳವಾರ ಬೆಳಿಗ್ಗೆ ಜೀಪು ಹೊರಟು ಊರು ದಾಟುವ ಮೊದಲೇ ಒಂದು ಟ್ರ್ಯಾಕ್ಟರು ಅಡ್ಡ ಸಿಕ್ಕಿತು. ಅದು ಈ ಕೇಸಿಗೆ ಸಂಬಂಧವಿಲ್ಲದ ಹಳೆಯ ನೀಲಿ ಟ್ರ್ಯಾಕ್ಟರು, ಹಿಂದೆ ಕಬ್ಬಿಣದ ಸರಳು ತುಂಬಿದ ಟ್ರೈಲರು. ಮುಂದೆ ಬಿಡುವುದಿಲ್ಲ, ಪಕ್ಕಕ್ಕೂ ಸರಿಯುವುದಿಲ್ಲ. ಜೀಪಿನ ಚಾಲಕ ಹಾರ್ನಿನ ಮೇಲೆ ಕೈ ಒತ್ತಿ ಹಿಡಿದು ಆ ಟ್ರ್ಯಾಕ್ಟರಿನವನ ಏಳು ತಲೆಮಾರನ್ನು ಜಾಲಾಡಿದ. “ಇವನ ಮುಖ ಸಾಯೋವರೆಗೂ ಮರೆಯಲ್ಲ ಸಾರ್!”

ಇನ್‌ಸ್ಪೆಕ್ಟರು ಅವನ ಕಡೆ ತಿರುಗಿದರು. “ಏನಂದೆ?”

“ಸುಮ್ನೆ ಅಂದೆ ಸಾರ್...”

“ಸುಮ್ನೆ ಅಲ್ಲ. ಬಸ್ ಡಿಪೋಗೆ ನಡಿ.”

ದಾರಿ ಬಿಟ್ಟವನು ಯಾರಿಗೂ ನೆನಪಿರುವುದಿಲ್ಲ, ಅಡ್ಡ ನಿಂತವನನ್ನು ಯಾರೂ ಮರೆಯುವುದಿಲ್ಲ. ನಿನ್ನೆಯಿಂದ ತಾವು ನೋಡಿದವರನ್ನು ಹುಡುಕಿದ್ದೇ ತಪ್ಪು, ಬೈದವರನ್ನು ಹುಡುಕಬೇಕಿತ್ತು ಎಂದು ಅವರಿಗೆ ಹೊಳೆದಿತ್ತು. ಬಸ್ ಡಿಪೋದಲ್ಲಿ ಚಹಾ ಕುಡಿಯುತ್ತ ಕೂತ ಚಾಲಕರ ನಡುವೆ ನಿಂತು, “ಶುಕ್ರವಾರ, ಶನಿವಾರ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡವರು ಯಾರು?” ಎಂದು ಕೇಳಿದ್ದೇ ತಡ, ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಎಲ್ಲರಿಗೂ ಹೇಳುವುದಿತ್ತು. ದಫೇದಾರ ಕೈ ಎತ್ತಿ ಎತ್ತಿ ಸೋತ. ಕೊನೆಗೆ ಒಬ್ಬ ದಪ್ಪ ಮೀಸೆಯ ಚಾಲಕ, “ಸೀಟಿಗೆ ಪ್ಲಾಸ್ಟಿಕ್ ಇದ್ದದ್ದಾ?” ಎಂದ.

“ಹೌದು.”

“ಘಾಟಿ ಏರಿನಲ್ಲಿ ಅರ್ಧ ಗಂಟೆ ನನ್ನ ಮುಂದೆ ಇದ್ದ. ಬಿಸಿಲಿಗೆ ಆ ಪ್ಲಾಸ್ಟಿಕ್ಕು ನನ್ನ ಕಣ್ಣಿಗೆ ಹೊಡೀತಿತ್ತು. ನನ್ನ ಪ್ರಯಾಣಿಕರು ನನ್ನನ್ನ ಬೈದ್ರು, ನಾನು ಅವನನ್ನ ಬೈದೆ. ಅವನು ಒಮ್ಮೆ ತಿರುಗಿ ಕೈ ಮುಗಿದ. ಅಂಥವನಿಗೆ ಇನ್ನೇನು ಹೇಳೋದು?”

“ಯಾವ ದಿನ?”

“ಶನಿವಾರ.”

ಘಾಟಿ ಅಂದರೆ ಷೋರೂಮಿನ ದಾರಿಗೆ ತೀರಾ ತದ್ವಿರುದ್ಧ. ಆಮೆ ದಾರಿ ತಪ್ಪಿರಲಿಲ್ಲ, ಬೇಕೆಂದೇ ಬೇರೆ ದಾರಿ ಹಿಡಿದಿದ್ದ.

ಘಾಟಿ ಇಳಿದಲ್ಲಿ ಕೃಷಿ ಸಲಕರಣೆ ಬೆಸೆಯುವ ಒಂದು ವರ್ಕ್‌ಷಾಪು. ತಗಡಿನ ಕೆಳಗೆ ವೆಲ್ಡಿಂಗಿನ ಕಿಡಿ ಹಾರುತ್ತಿತ್ತು. ಮಾಲೀಕ ಕಣ್ಣಿನ ಕಪ್ಪು ಗಾಜು ಮೇಲೆತ್ತಿ, ಕೇಳುವ ಮೊದಲೇ ಕೇಳಿದ: “ನನ್ನ ಕಲ್ಟಿವೇಟರ್ ತಂದ್ರಾ?”

“ಯಾವ ಕಲ್ಟಿವೇಟರು?”

“ಒಂಬತ್ತು ಹಲ್ಲಿಂದು. ಟ್ರ್ಯಾಕ್ಟರ್ ಹಿಂದೆ ಸಿಕ್ಕಿಸಿ ಉಳೋದು. ಶನಿವಾರ ಒಬ್ಬ ಬಾಡಿಗೆಗೆ ಒಯ್ದ. ಗುರುತಿಲ್ಲದವರಿಗೆ ಕೊಡಲ್ಲ ಅಂದೆ. ಇದನ್ನ ಕೈಗಿಟ್ಟ.” ಜೇಬಿನಿಂದ ಅವನು ತೆಗೆದದ್ದು ಡ್ರೈವಿಂಗ್ ಲೈಸೆನ್ಸು. ಬಿಸಿಲಿಗೆ ಕಂದಿದ ಮುಖ, ಅಗಲ ಹಣೆ. ಆಮೆಯೇ.

ಇನ್‌ಸ್ಪೆಕ್ಟರು ಲೈಸೆನ್ಸನ್ನು ತಿರುವಿ ಮುರುವಿ ನೋಡಿದರು. ಗಾಡಿ ಲಪಟಾಯಿಸಿದವರು ಬಿಡಿಭಾಗ ಕಳಚಿ ಮಾರುತ್ತಾರೆ, ಬಣ್ಣ ಬದಲಿಸುತ್ತಾರೆ, ಗಡಿ ದಾಟಿಸುತ್ತಾರೆ. ಇವನು ತನ್ನ ಗುರುತನ್ನೇ ಅಡವಿಟ್ಟು ನೇಗಿಲು ತೆಗೆದುಕೊಂಡು ಹೋಗಿದ್ದ. ಮಾರುವವನಿಗೆ ನೇಗಿಲು ಯಾಕೆ? ಎರಡು ದಿನ ಕಟ್ಟಿಕೊಂಡ ಲೆಕ್ಕಾಚಾರವೆಲ್ಲ ಅವರ ತಲೆಯಲ್ಲಿ ಮಗುಚಿತು.

“ಉಳೋಕೆ ಎಲ್ಲಿ ಅಂದ?”

“ನಾಲ್ಕು ಎಕರೆ ಇದೆ, ಎರಡು ವರ್ಷದಿಂದ ಬೀಳು ಬಿದ್ದಿದೆ, ಈ ಹಲ್ಲು ತಡೀತದಾ ಅಂತ ಕೇಳ್ದ. ಅಷ್ಟೇ.”

“ಅವನಿಗೆ ಜಮೀನಿಲ್ಲ ಸಾರ್,” ಎಂದ ದಫೇದಾರ. “ಕಂಪನಿ ಡಿಪೋದವರು ಹೇಳಿದ್ರು. ಬಾಡಿಗೆ ಮನೆ, ಹೂಕುಂಡಾನೂ ಇಲ್ಲ ಅಂತ.”

ಇನ್‌ಸ್ಪೆಕ್ಟರು ಅಲ್ಲೇ ನಿಂತು ಆಮೆಯ ಹೆಂಡತಿಗೆ ಮತ್ತೆ ಫೋನು ಮಾಡಿದರು. “ನಿನ್ನ ಗಂಡನ ಕಡೆಯೋರಲ್ಲಿ ಜಮೀನಿರೋದು ಯಾರಿಗಮ್ಮ?”

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಶಬ್ದ.

“ಅವರ ತಂಗಿಗೆ,” ಎಂದಳು. “ಅವರಿಗೆ ಹೊಡೀಬೇಡಿ ಸಾರ್.”

ಬುಧವಾರ ಬೆಳಿಗ್ಗೆ ಜೀಪು ಹೆದ್ದಾರಿ ಬಿಟ್ಟು ಹೊಲದ ಅಂಚಿಗೆ ಇಳಿಯಿತು. ರಸ್ತೆಗೆ ತಾಗಿದಂತೆಯೇ ನಾಲ್ಕು ಎಕರೆ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಉತ್ತು, ಮಣ್ಣು ಪುಡಿಪುಡಿಯಾಗಿ ಹೊರಳಿತ್ತು. ಬೇರುಸಹಿತ ಕಿತ್ತ ಮುಳ್ಳುಕಂಟಿ ಬದುವಿನ ಮೇಲೆ ಗುಡ್ಡೆಯಾಗಿ ಬಿದ್ದಿತ್ತು. ಬಾವಿಯ ಪಕ್ಕದಲ್ಲಿ ಕೆಂಪು ಟ್ರ್ಯಾಕ್ಟರು. ಐವತ್ತು ದಾಟಿದ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂತು, ಚಕ್ರದ ಸಂದಿಯಿಂದ ಕಡ್ಡಿಯಲ್ಲಿ ಮಣ್ಣು ಕೆದರುತ್ತಿದ್ದ. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಕೊಡದಲ್ಲಿ ನೀರು ಹೊಯ್ಯುತ್ತಿದ್ದಳು. ಸೀಟಿನ ಪ್ಲಾಸ್ಟಿಕ್ ಹಾಗೆಯೇ ಇತ್ತು.

ಖಾಕಿ ಕಂಡು ಅವನು ಎದ್ದು ನಿಂತ. ಓಡಲಿಲ್ಲ.

“ನೀನೇನಾ ಆಮೆ?”

“ಹೌದು ಸಾರ್. ತೊಳೆದು ಇವತ್ತೇ ಹೊರಡ್ತಿದ್ದೆ. ಡೀಸೆಲ್ ನಾನೇ ಹಾಕ್ಸಿದ್ದೀನಿ.”

“ಡೀಸೆಲ್!” ಮೂರು ದಿನ ಹಲ್ಲು ಕಚ್ಚಿ ಹಿಡಿದಿದ್ದ ಸಿಟ್ಟು ಇನ್‌ಸ್ಪೆಕ್ಟರರ ಬಾಯಿಗೆ ಬಂತು. “ಮೂರು ಜಿಲ್ಲೆ ಪೊಲೀಸರು ನಿನ್ನ ಹುಡುಕ್ತಿದ್ದಾರೆ. ಟೋಲ್ ಗೇಟಲ್ಲಿ ಹುಡುಗರ ಕೈಲಿ ಪಾಠ ಹೇಳಿಸ್ಕೊಂಡಿದ್ದೀನಿ. ನೀನಿಲ್ಲಿ ಡೀಸೆಲ್ ಲೆಕ್ಕ ಹೇಳ್ತೀಯಾ? ಊರಲ್ಲಿ ಬಾಡಿಗೆ ಟ್ರ್ಯಾಕ್ಟರ್ ಇರ್ಲಿಲ್ವಾ?”

ಉತ್ತರ ಹೇಳಿದ್ದು ತಂಗಿ. “ಎಂಟು ಇದಾವೆ ಸಾರ್. ಎಂಟೂ ಜನಾನ ಕೇಳ್ದೆ. ಎಲ್ಲರೂ ನಾಳೆ ಬರ್ತೀನಮ್ಮ ಅಂದ್ರು. ಎರಡು ವರ್ಷದಿಂದ ಅಂತಾನೇ ಇದಾರೆ.”

“ಯಾಕೆ?”

ಅವಳು ರಸ್ತೆಯ ಕಡೆ ಗಲ್ಲ ಎತ್ತಿ ತೋರಿಸಿದಳು. ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಹಿರಿಯರು, ಹಿಂದೆ ಐದಾರು ಜನರೊಂದಿಗೆ ನಿಧಾನವಾಗಿ ಬರುತ್ತಿದ್ದರು. “ನಮ್ಮ ಭಾವ. ನನ್ನ ಯಜಮಾನ್ರು ತೀರ್ಕೊಂಡ ಮೇಲೆ ಹೊಲ ತಮಗೆ ಬಿಡು ಅಂದ್ರು. ನಾನು ಬಿಡಲ್ಲ ಅಂದೆ. ಅವತ್ತಿಂದ ಇಲ್ಲಿಗೆ ಯಾರ ಚಕ್ರಾನೂ ಬಂದಿಲ್ಲ.”

ಭಾವ ಹತ್ತಿರ ಬಂದವರೇ ಇನ್‌ಸ್ಪೆಕ್ಟರರ ಕೈ ಕುಲುಕಲು ನೋಡಿದರು. “ಕಳ್ಳಮಾಲು ಅಂತ ನನಗೆ ಆವತ್ತೇ ಅನುಮಾನ ಬಂತು. ಪಂಚನಾಮೆಗೆ ಸಾಕ್ಷಿ ಬೇಕಲ್ಲ, ನಾನೇ ಸಹಿ ಹಾಕ್ತೀನಿ.”

“ಅನುಮಾನ ಬಂದ ದಿನ ಠಾಣೆಗೆ ಯಾಕೆ ಹೇಳ್ಲಿಲ್ಲ?”

“ಅದು... ಉಳೋದು ಮುಗೀಲಿ ಅಂತ...” ಎಂದು ಅವರು ಅರ್ಧಕ್ಕೆ ನಿಲ್ಲಿಸಿದರು. ಉತ್ತ ಹೊಲ ತಮ್ಮ ಕೈಗೇ ಬಂದರೆ ಬಂತು ಎಂಬ ಲೆಕ್ಕ ಅವರ ಮುಖದ ಮೇಲೇ ಇತ್ತು. ಹಿಂದೆ ನಿಂತವರಲ್ಲಿ ಒಬ್ಬ ಕೆಮ್ಮಿ ನಗು ಮುಚ್ಚಿಕೊಂಡ.

“ಹೊಲದ ತಕರಾರು ಇರೋರ ಸಾಕ್ಷಿ ನನಗೆ ಬೇಡ. ಆ ಬದುವಿನ ಆಚೆ ನಿಂತ್ಕೊಳ್ಳಿ,” ಎಂದರು ಇನ್‌ಸ್ಪೆಕ್ಟರು. “ಇನ್ನೂ ಆಚೆ.”

ಬೇರೆ ಪಂಚರು ಬೇಕು. ಅಲ್ಲಿದ್ದವರೆಲ್ಲ ಒಮ್ಮೆಗೇ ಕೆಲಸ ನೆನಪಾಗಿ ಚದುರಿದರು. ಕೊನೆಗೆ ದಫೇದಾರ ಹೆದ್ದಾರಿಗೆ ಹೋಗಿ ಪಂಕ್ಚರ್ ಅಂಗಡಿಯವನನ್ನೂ ಅಲ್ಲಿ ಟೈರು ಬದಲಿಸಿಕೊಳ್ಳುತ್ತಿದ್ದ ಲಾರಿ ಚಾಲಕನನ್ನೂ ಕರೆತಂದ. ಅವರ ಮುಂದೆ ಚಾಸಿ ನಂಬರು ತಾಳೆ ನೋಡಿ, ಟ್ರ್ಯಾಕ್ಟರು, ಕಲ್ಟಿವೇಟರು ಎರಡನ್ನೂ ಜಪ್ತಿ ಮಾಡಿ ಪಂಚನಾಮೆ ಬರೆದರು. ಆಮೆಗೆ ದಸ್ತಗಿರಿಯ ಕಾರಣ ಓದಿ ಹೇಳಿದರು. ಅವನು ಹೂಂ ಎಂದ. ತಂಗಿ ಕೊಡ ಬದುವಿನ ಮೇಲಿಟ್ಟು ಸೆರಗಿನಿಂದ ಅವನ ಕೈಯ ಮಣ್ಣು ಒರೆಸಿದಳು.

ಹೊರಡುವಾಗ ಹೊಸ ತಾಪತ್ರಯ. ಟ್ರ್ಯಾಕ್ಟರನ್ನು ಠಾಣೆಗೆ ಒಯ್ಯಬೇಕು, ಒಯ್ಯುವವರು ಯಾರು? ಜೀಪಿನ ಚಾಲಕ ತನಗೆ ಬಾರದು ಎಂದ. ದಫೇದಾರ ಹತ್ತಿ ಕೂತು ಗೇರು ಹಾಕಿದ. ಅದು ಹಿಂದಕ್ಕೆ ನೆಗೆದು ಬಾವಿಕಟ್ಟೆಗೆ ಗೇಣು ದೂರದಲ್ಲಿ ನಿಂತಿತು.

“ಇಳಿ ಮಾರಾಯ, ಇಳಿ!” ಎಂದು ಕೂಗಿದರು ಇನ್‌ಸ್ಪೆಕ್ಟರು. ಒಂದು ನಿಮಿಷ ಹಣೆ ಹಿಡಿದುಕೊಂಡು ನಿಂತರು. ಆಮೇಲೆ ಆಮೆಯ ಕಡೆ ನೋಡದೆ, “ಹತ್ತು,” ಎಂದರು.

ಹಾಗಾಗಿ ದಸ್ತಗಿರಿಯಾದವನೇ ಜಪ್ತಿಯಾದ ಮಾಲನ್ನು ಓಡಿಸಿದ, ಮಡ್‌ಗಾರ್ಡಿನ ಮೇಲೆ ದಫೇದಾರ ಜೀವ ಕೈಯಲ್ಲಿ ಹಿಡಿದು ಕೂತ, ಹಿಂದೆ ಪೊಲೀಸ್ ಜೀಪು ತೆವಳಿತು. ಕಲ್ಟಿವೇಟರನ್ನು ವರ್ಕ್‌ಷಾಪಿನ ಮಾಲೀಕನ ಸುಪರ್ದಿಗೆ ಕೊಟ್ಟು ಮುಂದೆ ನಡೆದರು. ಘಾಟಿಯಲ್ಲಿ ಹಿಂದೆ ಸಿಕ್ಕವರು ಬೈದ ಬೈಗುಳವನ್ನೆಲ್ಲ ಇನ್‌ಸ್ಪೆಕ್ಟರು ಕಿವಿಯಾರೆ ಕೇಳಿದರು. ರಾತ್ರಿ ದಾರಿಯ ಒಂದು ಠಾಣೆಯಲ್ಲಿ ಉಳಿದು, ಗುರುವಾರ ಬೆಳಿಗ್ಗೆ ಮತ್ತೆ ದಾರಿ. ಠಾಣೆ ಮುಟ್ಟುವ ಹೊತ್ತಿಗೆ ಅವರ ಸೊಂಟ ಹಿಡಿದುಹೋಗಿತ್ತು.

ರೈತ ಅಲ್ಲೇ ಕಾಯುತ್ತಿದ್ದರು. ಕಂಪನಿಯವರು ಬೇರೆ ಟ್ರ್ಯಾಕ್ಟರ್ ಕೊಡಲು ಒಪ್ಪಿದ್ದರು, ಅದು ಬರುವುದು ಮುಂದಿನ ವಾರ. ಎರಡು ಬಾರಿಸಿಯೇ ಹೋಗುತ್ತೇನೆ ಎಂದು ಬಂದವರು ಆಮೆಯ ಉಗುರಿನ ಸಂದಿಯ ಮಣ್ಣು ನೋಡಿ ನಿಂತರು.

“ಎಷ್ಟು ಎಕರೆ ಹೊಡೆದೆ?”

“ನಾಲ್ಕು.”

“ಹದ ಇತ್ತಾ?”

“ಇತ್ತು ಯಜಮಾನ್ರೆ. ಚೆನ್ನಾಗಿತ್ತು.”

“ನಂದು ಹೋಯ್ತು,” ಎಂದರು ರೈತ. ಅಷ್ಟೇ ಹೇಳಿ, ಮೆಟ್ಟಿಲಿಳಿದು ಹೋದರು. ಆಮೆ ತಲೆ ತಗ್ಗಿಸಿದ. ಹಿಡಿದಾಗಲೂ ಅವನು ಹಾಗೆ ಕುಸಿದಿರಲಿಲ್ಲ.

ಹೇಳಿಕೆ ಬರೆದುಕೊಳ್ಳುವಾಗ ಇನ್‌ಸ್ಪೆಕ್ಟರರ ಸಿಟ್ಟಿನ ಕಾವು ಇಳಿದಿತ್ತು, ದಣಿವು ಮಾತ್ರ ಉಳಿದಿತ್ತು. “ಎರಡು ವರ್ಷ ಸುಮ್ನಿದ್ದೆಯಲ್ಲ. ಈಗ ಯಾಕೆ?”

“ಅವಳ ಹೊಲದ ಮುಂದೇನೇ ನಮ್ಮ ಇನ್ನೊಂದು ರೂಟು ಸಾರ್. ತಿಂಗಳಿಗೆ ಎರಡು ಸಲ, ನಾಲ್ಕೈದು ಹೊಸ ಟ್ರ್ಯಾಕ್ಟರ್ ಸಾಲಾಗಿ ಹೋಗ್ತೀವಿ. ಸದ್ದು ಕೇಳಿ ಬದುವಿಗೆ ಓಡಿ ಬರ್ತಿದ್ಲು. ನಾನು ಕೈ ಬೀಸೋದು, ಅವಳು ಕೈ ಬೀಸೋದು. ಮೇಸ್ತ್ರಿ ನಿಲ್ಲಿಸಲ್ಲ. ಇಷ್ಟು ವರ್ಷ ಟ್ರ್ಯಾಕ್ಟರ್ ಓಡಿಸಿದ್ದೀನಿ, ಒಂದಿನಾನೂ ಡಾಂಬರು ಬಿಟ್ಟು ಮಣ್ಣಿಗೆ ಇಳಿಸಿರಲಿಲ್ಲ ಸಾರ್.” ಅವನು ಉಗುರಿನ ಮಣ್ಣು ಕೆದರಿದ. “ಹೋದ ತಿಂಗಳು ಹೋಗುವಾಗ ಅವಳು ಅಲ್ಲೇ ನಿಂತಿದ್ಲು, ಕಂಟಿ ನಡುವೆ. ನನ್ನ ನೋಡಿದ್ಲು. ಕೈ ಬೀಸಲಿಲ್ಲ.”

ದಫೇದಾರ ಬರೆಯುವುದನ್ನು ನಿಲ್ಲಿಸಿ ಮುಂದಿನ ಮಾತಿಗೆ ಕಾದ.

“ಅಷ್ಟನ್ನೇ ಬರಿ,” ಎಂದರು ಇನ್‌ಸ್ಪೆಕ್ಟರು.