ಕಾಲರ್ ಮೈಕು

ಟಿ.ವಿ.ಯಲ್ಲಿ ಮಧ್ಯಾಹ್ನದ ಪೇಟೆ ಸುದ್ದಿ ಶುರುವಾದಾಗ, ಓದುವವರ ಕಾಲರಿಗೆ ಮೈಕು ಸಿಗಿಸುತ್ತಿದ್ದವರು ನಮ್ಮ ಭಾವ. ಹನ್ನೊಂದನೇ ವರ್ಷ ಅವರು ಕ್ಯಾಮೆರಾದ ಹಿಂದೆಯೇ ಕುಸಿದು ತೀರಿಕೊಂಡರು. ಆಮೇಲೆ ಆ ಕೆಲಸ ನನ್ನದಾಯಿತು.

ಅವರ ಮಗಳು ಮೊದಲ ಸಲ ಸುದ್ದಿ ಓದಲು ಕೂತ ದಿನ ಅವಳಿಗಿಂತ ನನಗೇ ಪುಕಪುಕ. ಅವತ್ತು ಎಡವಿದರೆ ಕೆಲಸವಿಲ್ಲವೆಂದು ಮೇಲಿನವರು ಹೇಳಿಬಿಟ್ಟಿದ್ದರು. ಕೆಂಪು ದೀಪ ಹತ್ತಿತು, ಅವಳು ಓದತೊಡಗಿದಳು. ಆಗ ನೋಡುತ್ತೇನೆ, ಮೈಕು ನನ್ನ ಮುಷ್ಟಿಯಲ್ಲೇ ಇದೆ! ಸ್ಟುಡಿಯೋದಲ್ಲಿದ್ದ ಮೈಕೇ ಅದೊಂದು. ಗಾಜಿನಾಚೆ ಸೌಂಡಿನವನು ಮಾತ್ರ ಹೆಬ್ಬೆರಳೆತ್ತಿ ನಗುತ್ತಿದ್ದ.

ಮುಗಿದ ಮೇಲೆ ಅವನು, "ನಿಮ್ಮ ಹುಡುಗಿ ಧ್ವನಿ ಗಂಟೆ ಹೊಡೆದ ಹಾಗಿತ್ತು ಕಣಯ್ಯಾ, ಗೆದ್ಲು ಬಿಡು!" ಎಂದ.

ಅವಳು ಕತ್ತು ಉಜ್ಜಿಕೊಳ್ಳುತ್ತಾ ಎದ್ದು ಬಂದಳು.

"ಅಲ್ಲ ಮಾವ, ಮೈಕ್ ಸಿಗಿಸುವಾಗ ನಿಮ್ಮ ಕೈ ಯಾಕೆ ಅಷ್ಟು ತಣ್ಣಗಿತ್ತು?"